ತೋಟದ ಮನೆಗೆ ಫೈಬರ್ ಬಂದ ಮೇಲೆ ನಾನು ಮಾಡಿಕೊಂಡ ಕೆಲಸಗಳು

ಶಿರಸಿ ಕಡೆಯ ನಮ್ಮೂರಲ್ಲಿ ಮೊಬೈಲ್ ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ತಬೇಕು. ಆದರೆ ಕರೆಂಟ್ ಕಂಬ ಹಿಡಿದುಕೊಂಡು ಫೈಬರ್, ಅಂದರೆ ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಇಂಟರ್ನೆಟ್ ತರುವ ಕೇಬಲ್, ಊರೊಳಗೆ ಬಂದಿದೆ. ಬೆಂಗಳೂರಿನ ಆಫೀಸ್ ಕೆಲಸವನ್ನು ಮನೆಯಲ್ಲೇ ಕೂತು ಮಾಡುವ ನನಗೆ ಈ ಲೈನ್ ಇದ್ದರೆ ಮಾತ್ರ ಸಂಬಳ. ಕನೆಕ್ಷನ್ ತಗೊಂಡೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಎಷ್ಟು ಎಂಬಿಪಿಎಸ್? ನನ್ನ ಪ್ರಕಾರ ಈ ವೇಗದ ಲೆಕ್ಕವನ್ನು ಕೊನೆಗೆ ಕೇಳಿದರೂ ಸಾಕು. 2023ರ ತನಕ ನಮ್ಮ ದೇಶದ ಲೆಕ್ಕದಲ್ಲಿ 512 ಕೆಬಿಪಿಎಸ್ (ಸುಮಾರು ಅರ್ಧ ಎಂಬಿಪಿಎಸ್) ಬಂದರೂ ಅದು ಬ್ರಾಡ್‌ಬ್ಯಾಂಡೇ. ಆಮೇಲೆ ಅದನ್ನು 2 ಎಂಬಿಪಿಎಸ್‌ಗೆ ಏರಿಸಿದರು. ಈಗ ಅತಿ ಅಗ್ಗದ ಫೈಬರ್ ಪ್ಲಾನ್ ಕೂಡ ಅದರ ಹತ್ತಿಪ್ಪತ್ತು ಪಟ್ಟು ಕೊಡುತ್ತದೆ. ಒಂದು ವಿಡಿಯೋ ಕಾಲ್‌ಗೆ ಮೂರ್ನಾಲ್ಕು ಎಂಬಿಪಿಎಸ್ ಧಾರಾಳ. ಕಾಲ್ ಮಧ್ಯದಲ್ಲಿ ಲೈನ್ ಕಡಿದುಹೋಗಬಾರದು, ಅಷ್ಟೇ ಬೇಕಾದ್ದು.

ಹಾಗಾಗಿ ನಾನು ಮೊದಲು ನೋಡಲು ಕಲಿತದ್ದು ಸ್ಪೀಡ್ ಟೆಸ್ಟ್ ಅಲ್ಲ, ಬೆಳಕಿನ ಅಳತೆ. ಫೈಬರ್ ಬಂದು ಸೇರುವುದು ಗೋಡೆಗೆ ಹಾಕಿದ ಬಿಳಿ ಡಬ್ಬಿಗೆ, ಅದೇ ನಮ್ಮ ರೂಟರ್. ಅದರ ಹಿಂದೆ ಒಂದು ಚೀಟಿ ಅಂಟಿಸಿರುತ್ತಾರೆ. ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ಹೊಡೆದರೆ, ಸಾಮಾನ್ಯವಾಗಿ 192.168.1.1, ಡಬ್ಬಿಯ ಸ್ವಂತ ಪುಟ ತೆರೆಯುತ್ತದೆ. ಅಲ್ಲಿ ‘ಪಾನ್’ ಅಥವಾ ‘ಆಪ್ಟಿಕಲ್’ ಅಂತ ಇರುವ ಕಡೆ ‘ಆರ್‌ಎಕ್ಸ್ ಪವರ್’ ಸಿಗುತ್ತದೆ, ಅಂದರೆ ಡಬ್ಬಿಗೆ ಬಂದು ತಲುಪುವ ಬೆಳಕಿನ ಪ್ರಮಾಣ. ಅದನ್ನು ಡಿಬಿಎಂ ಎಂಬ ಅಳತೆಯಲ್ಲಿ ಬರೆದಿರುತ್ತಾರೆ, ಮೈನಸ್ 19, ಮೈನಸ್ 22 ಹೀಗೆ. ಮೈನಸ್ 27ಕ್ಕಿಂತ ಕೆಳಗೆ ಹೋದರೆ ಡಬ್ಬಿಗೆ ಬೆಳಕು ಸಾಕಾಗುವುದಿಲ್ಲ. ಈ ಲೆಕ್ಕದಲ್ಲಿ 3 ಇಳಿದರೆ ಬೆಳಕು ಅರ್ಧ, 10 ಇಳಿದರೆ ಹತ್ತರಲ್ಲಿ ಒಂದು ಪಾಲು. ಲೈನ್ ಚೆನ್ನಾಗಿದ್ದ ದಿನವೇ ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಾನು ಡಬ್ಬಿಯ ಪಕ್ಕದ ಗೋಡೆ ಮೇಲೇ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ.

ನಮ್ಮದು ಮೈನಸ್ 21ರಲ್ಲಿ ಇದ್ದದ್ದು ಮೊದಲ ಮಳೆಗಾಲದಲ್ಲಿ 26ರ ಹತ್ತಿರ ಇಳಿಯಿತು. ನೆಟ್ ಇತ್ತು, ಆದರೆ ಗಾಳಿ ಬೀಸಿದಾಗೆಲ್ಲ ಹೋಗಿ ಬರುತ್ತಿತ್ತು. ಕಸ್ಟಮರ್ ಕೇರ್‌ಗೆ ‘ನೆಟ್ ಸ್ಲೋ’ ಅಂದರೆ ‘ರೀಸ್ಟಾರ್ಟ್ ಮಾಡಿ’ ಅಂತಾರೆ. ‘ಆರ್‌ಎಕ್ಸ್ ಪವರ್ ಐದು ಡಿಬಿ ಇಳಿದಿದೆ’ ಅಂದೆ, ಮರುದಿನವೇ ಲೈನ್ ರಿಪೇರಿ ಹುಡುಗ ಬಂದ. ತೋಟದ ದಾರಿಯಲ್ಲಿ ಅಡಿಕೆ ಸೋಗೆ ಕೇಬಲ್ ಮೇಲೆ ಬಿದ್ದು ಒಂದು ಕಡೆ ಜಗ್ಗಿತ್ತು. ಇನ್ನೊಂದು ಕಡೆ, ಕಿಟಕಿ ಚೌಕಟ್ಟಿನ ಹತ್ತಿರ, ಕೇಬಲನ್ನು ಮೊಳೆ ಹೊಡೆದು ಲಂಬಕೋನಕ್ಕೆ ಬಗ್ಗಿಸಿದ್ದರು. ತಾಮ್ರದ ವೈರ್ ಹೇಗೆ ಬಗ್ಗಿದರೂ ನಡೆಯುತ್ತದೆ. ಗಾಜು ಹಾಗಲ್ಲ, ಬಾಗು ಬಿಗಿಯಾದರೆ ಬೆಳಕು ಅಲ್ಲೇ ಹೊರಗೆ ಸೋರಿ ಹೋಗುತ್ತದೆ.

‘ಹೆಗಡೇರೆ, ಇಲ್ಲಿ ಫಾಸ್ಟ್ ಕನೆಕ್ಟರ್ ಹಾಕಿಬಿಟ್ಟಿದಾರೆ. ತೆಗೆದು ಸ್ಪ್ಲೈಸ್ ಮಾಡಿಬಿಡ್ಲಾ?’ ಅಂದ ಹುಡುಗ.

‘ಮಾಡು ಮಾರಾಯ, ಮೊದ್ಲು ಚಾ ಕುಡಿ.’

ಫಾಸ್ಟ್ ಕನೆಕ್ಟರ್ ಅಂದರೆ ಕೈಯಲ್ಲೇ ಒತ್ತಿ ಹಾಕುವ ಜೋಡಣೆ, ಸ್ಪ್ಲೈಸ್ ಅಂದರೆ ಎರಡು ಗಾಜಿನ ಎಳೆಗಳನ್ನು ಕರಗಿಸಿ ಬೆಸೆಯುವುದು. ಆ ಕೆಲಸ ನೋಡಲೇಬೇಕು. ಜಗಲಿ ಮೇಲೆ ಮಷಿನ್ ಇಟ್ಟುಕೊಂಡ. ಮೇಲಿನ ಕಪ್ಪು ಕವಚ ಸುಲಿದು, ಒಳಗಿನ ಬಣ್ಣದ ಲೇಪ ತೆಗೆದು, ಸ್ಪಿರಿಟ್ ಹಚ್ಚಿದ ಟಿಶ್ಯೂನಲ್ಲಿ ಒರೆಸಿದ. ಆಗ ಕೈಗೆ ಉಳಿಯುವುದು 125 ಮೈಕ್ರಾನ್ ದಪ್ಪದ ಗಾಜಿನ ಎಳೆ. ಬೆಳಕು ಓಡುವ ನಡುಭಾಗ ಅದರಲ್ಲೂ ಸುಮಾರು 9 ಮೈಕ್ರಾನ್ ಮಾತ್ರ. ಕ್ಲೀವರ್‌ನಲ್ಲಿ ತುದಿಯನ್ನು ನೇರವಾಗಿ ಕತ್ತರಿಸಿ ಎರಡೂ ಎಳೆಗಳನ್ನು ಮಷಿನ್‌ನಲ್ಲಿ ಎದುರುಬದುರು ಇಟ್ಟ. ಪರದೆ ಮೇಲೆ ಎರಡು ತುದಿಗಳು ತಾವಾಗಿ ಹತ್ತಿರ ಬಂದವು, ಚಟ್ ಅಂತ ಕಿಡಿ, ಒಂದಾದವು. 0.02 ಡಿಬಿ ನಷ್ಟ ಅಂತ ತೋರಿಸಿತು. ಮೇಲೆ ಸ್ಲೀವ್ ಹಾಕಿ ಬಿಸಿ ಮಾಡಿದ. ಕತ್ತರಿಸಿದ ಗಾಜಿನ ಚೂರುಗಳನ್ನು ಒಂದೊಂದೂ ಟೇಪಿಗೆ ಅಂಟಿಸಿಕೊಂಡು ತಗೊಂಡು ಹೋದ. ಅದು ಕಾಲಿಗೆ ಚುಚ್ಚಿದರೆ ಕಣ್ಣಿಗೂ ಕಾಣುವುದಿಲ್ಲ. ನಿಮ್ಮಲ್ಲಿಗೆ ಬಂದವರು ಹಾಗೆ ಮಾಡದಿದ್ದರೆ ಸಂಕೋಚ ಬಿಟ್ಟು ಹೇಳಿ. ತುದಿಗೆ ಕಣ್ಣಿಟ್ಟು ‘ಬೆಳಕು ಬರ್ತಿದೆಯಾ’ ಅಂತ ನೋಡುವುದೂ ಬೇಡ. ಅದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ಮಲೆನಾಡಿನವರಿಗೆ ಸಿಡಿಲಿನ ಹೆದರಿಕೆ ಬೇರೆ. ಹಳೇ ಟೆಲಿಫೋನ್ ಲೈನ್ ಕಾಲದಲ್ಲಿ ಗುಡುಗು ಶುರುವಾದರೆ ಮೋಡೆಮ್ ಕಿತ್ತಿಡುವುದೇ ಮೊದಲ ಕೆಲಸ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲ್‌ನಲ್ಲಿ ಬಲಕ್ಕೆ ಅಂತ ಉಕ್ಕಿನ ತಂತಿ ಇರುತ್ತದೆ. ಅದನ್ನು ಸೂರಿನ ಹೊರಗೇ ಕಟ್ಟಿ, ಒಳಗೆ ಬರೀ ಫೈಬರ್ ಎಳೆ ಬರುವ ಹಾಗೆ ಮಾಡಿಸಿದೆ. ಅಂಗಳದಾಚೆ ಅಣ್ಣನ ಮನೆಗೂ ನೆಟ್ ಬೇಕಿತ್ತು. ಲ್ಯಾನ್ ಕೇಬಲ್ ನೂರು ಮೀಟರ್ ತನಕ ನಡೆಯುತ್ತದೆ, ದೂರ ಅದಕ್ಕಿಂತ ಕಮ್ಮಿಯೇ. ಆದರೂ ತಾಮ್ರದ ಕೇಬಲನ್ನು ಮನೆಯಿಂದ ಮನೆಗೆ ಬಯಲಲ್ಲಿ ಎಳೆಯಲು ನಾನು ಒಪ್ಪಲಿಲ್ಲ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಎರಡೂ ಮನೆಯ ಸಾಮಾನು ಒಟ್ಟಿಗೆ ಹೋಗುತ್ತವೆ. ಉಕ್ಕಿನ ತಂತಿ ಇಲ್ಲದ ಫೈಬರ್ ತುಂಡು ಎಳೆದು, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿದೆ, ಅದು ಫೈಬರ್‌ನ ಬೆಳಕನ್ನು ಲ್ಯಾನ್ ಕೇಬಲ್‌ಗೆ ಹೊಂದಿಸಿಕೊಡುವ ಸಾಧನ. ಖರ್ಚು ಸ್ವಲ್ಪ ಜಾಸ್ತಿ, ಮನಸ್ಸಿಗೆ ನೆಮ್ಮದಿ.

ಮನೆ ಒಳಗಿನ ವೈಫೈ ಬಗ್ಗೆ ಹೇಳುವುದು ಕಮ್ಮಿ. ಒಂದೂವರೆ ಅಡಿಯ ಮಣ್ಣಿನ ಗೋಡೆಯನ್ನು ವೈಫೈನ 5 ಗಿಗಾಹರ್ಟ್ಸ್ ಅಲೆ ದಾಟುವುದಿಲ್ಲ, 2.4 ಗಿಗಾಹರ್ಟ್ಸ್‌ನದು ಹೇಗೋ ತೂರುತ್ತದೆ. ವೈಫೈಯನ್ನೇ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಮಾರ್ಕೆಟ್‌ನಿಂದ ತರುವ ಬದಲು ಅಟ್ಟಕ್ಕೆ ಲ್ಯಾನ್ ಕೇಬಲ್ ಎಳೆದು ಹಳೇ ರೂಟರ್ ಇಟ್ಟೆ. ಅದರ ಡಿಎಚ್‌ಸಿಪಿ (ಫೋನ್‌ಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ವಿಳಾಸವನ್ನು 192.168.1.2ಕ್ಕೆ ಬದಲಿಸಿ, ಕೇಬಲನ್ನು ‘ವ್ಯಾನ್’ ತೂತಿಗಲ್ಲ, ‘ಲ್ಯಾನ್’ ತೂತಿಗೆ ಚುಚ್ಚಬೇಕು. ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇಟ್ಟರೆ ಫೋನ್ ತಾನೇ ಹತ್ತಿರದ್ದನ್ನು ಹಿಡಿಯುತ್ತದೆ.

ಮನೆಯಲ್ಲಿ ಎಲ್ಲರಿಗೂ ಜಾಸ್ತಿ ಉಪಯೋಗಕ್ಕೆ ಬಂದದ್ದು ಮಾತ್ರ ವೈಫೈ ಕಾಲಿಂಗ್. 2019ರ ಡಿಸೆಂಬರ್‌ನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ಇದನ್ನು ಶುರು ಮಾಡಿದವು. ಫೋನ್ ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರೆ ಸಾಕು, ಟವರ್ ಸಿಗದ ಅಡುಗೆಮನೆಯಲ್ಲೂ ಮಾಮೂಲಿ ನಂಬರಿಗೆ ಕರೆ ಬರುತ್ತದೆ. ಬ್ಯಾಂಕಿನ ಓಟಿಪಿಗಾಗಿ ಆಯಿ ಗುಡ್ಡಕ್ಕೆ ಮೊಮ್ಮಗನನ್ನು ಓಡಿಸುವುದು ನಿಂತಿತು. ಆದರೆ ಇದರಿಂದ ಇನ್ನೊಂದು ತಾಪತ್ರಯ: ರೂಟರ್ ಆರಿದರೆ ಫೋನೂ ಸತ್ತ ಹಾಗೆ.

ಕರೆಂಟ್ ಹೋಗುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಇನ್ವರ್ಟರ್ ಇದ್ದರೂ, ಅದು ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ರೂಟರ್ ಆರಿ, ಮತ್ತೆ ಏಳಲು ಕೆಲವು ನಿಮಿಷ ತಗೊಳ್ಳುತ್ತಿತ್ತು. ಇನ್ವರ್ಟರ್ ಹಿಂದಿನ ಸ್ವಿಚ್ಚನ್ನು ‘ಯುಪಿಎಸ್’ಗೆ ಹಾಕಿದರೆ ಬೇಗ ಬದಲಾಗುತ್ತದೆ. ಆದರೆ ಆ ಮೋಡ್‌ಗೆ ಸುಮಾರು 180 ವೋಲ್ಟ್ ಆದರೂ ಬೇಕು. ಪಂಪ್‌ಸೆಟ್ ಓಡುವ ಹೊತ್ತಲ್ಲಿ ನಮ್ಮಲ್ಲಿ ಅಷ್ಟು ಇರುವುದಿಲ್ಲ, ಕರೆಂಟ್ ಇದ್ದೂ ಬ್ಯಾಟರಿ ಖಾಲಿಯಾಗುತ್ತದೆ. ಕೊನೆಗೆ ಒಳಗೇ ಬ್ಯಾಟರಿ ಇರುವ ಅಂಗೈಯಗಲದ 12 ವೋಲ್ಟ್ ಮಿನಿ ಯುಪಿಎಸ್ ತಂದು ರೂಟರ್‌ಗೆ ನೇರ ಕೊಟ್ಟೆ. ಕೊಳ್ಳುವಾಗ ರೂಟರ್ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಓದಿಕೊಂಡು ಹೋಗಿ.

ಈಗ ಕರೆಂಟ್ ಹೋದರೂ ಡಬ್ಬಿ ಉರಿಯುತ್ತದೆ. ಆದರೂ ಹೊತ್ತು ಕಳೆದ ಮೇಲೆ ಬೆಳಕು ಬರುತ್ತಿಲ್ಲ ಅಂತ ಹೇಳುವ ‘ಲಾಸ್’ ದೀಪ ಕೆಂಪಗೆ ಮಿನುಗತೊಡಗಿದರೆ, ಅಕ್ಕಪಕ್ಕದ ಮನೆಗಳಲ್ಲೂ ಹಾಗೇ ಇದ್ದರೆ, ನಮ್ಮನೆಯಲ್ಲಿ ಹುಡುಕುವುದು ದಂಡ. ಬೆಳಕು ಕಳಿಸುವ ಮಷಿನ್ ಪೇಟೆಯಲ್ಲಿದೆ, ಅದರ ಬ್ಯಾಟರಿ ಮುಗಿದಿದೆ ಅಂತ ಅರ್ಥ. ಕೆಂಪು ಇಲ್ಲದೆ, ‘ಪಾನ್’ ದೀಪ ಹಸಿರಾಗೇ ಇದ್ದು ನೆಟ್ ಮಾತ್ರ ಇಲ್ಲ ಅಂದರೆ ಲೈನ್ ಸರಿಯಿದೆ, ಲಾಗಿನ್ ಅಥವಾ ಬಿಲ್ ಕಡೆ ನೋಡಬೇಕು. ಪೇಟೆಯ ಆ ಬ್ಯಾಟರಿ ಬದಲಿಸಿ ಅಂತ ಊರವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಮಳೆಗಾಲಕ್ಕೆ ಮೊದಲು ಹಾಕಿಸ್ತೀವಿ ಅಂದಿದ್ದಾರೆ, ನೋಡಬೇಕು.