ಒಂದು ಬ್ರ್ಯಾಂಡ್‌ನ ನಿಜವಾದ ಇತಿಹಾಸ ಹುಡುಕೋದು ಹೇಗೆ

ವಾಟ್ಸಾಪಲ್ಲಿ ಬರೋ ಕಂಪನಿ ಕಥೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ, ಬಡ ಹುಡುಗ, ಜೇಬಲ್ಲಿ ನೂರು ರೂಪಾಯಿ, ಈಗ ಸಾವಿರಾರು ಕೋಟಿ. ನಿಜವಾಗಿ ನಡೆದದ್ದು ಇದಕ್ಕಿಂತ ಎಷ್ಟೋ ಸ್ವಾರಸ್ಯವಾಗಿರತ್ತೆ, ಅದನ್ನ ಮೊಬೈಲಲ್ಲೇ ಹುಡುಕಬಹುದು, ದುಡ್ಡೂ ಖರ್ಚಾಗಲ್ಲ.

ಮೊದಲು ಒಂದು ವಿಷಯ ತಲೇಲಿ ಇಟ್ಕೊಳಿ. ವ್ಯಾಪಾರ ಶುರುವಾದ ವರ್ಷ, ಕಂಪನಿ ರಿಜಿಸ್ಟರ್ ಆದ ವರ್ಷ, ನಿಮ್ಮ ಕೈಲಿರೋ ಮಾಲು ಮಾರುಕಟ್ಟೆಗೆ ಬಂದ ವರ್ಷ, ಈಗಿನ ಮಾಲೀಕರು ಕೊಂಡುಕೊಂಡ ವರ್ಷ, ಈ ನಾಲ್ಕೂ ಬೇರೆ ಬೇರೆ ಇರಬಹುದು. ಎಂಟಿಆರ್ ತಗೊಳಿ. 1924 ಅನ್ನೋದು ಉಡುಪಿ ಕಡೆಯ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಲ್ಲಿ ಹೋಟೆಲ್ ಶುರು ಮಾಡಿದ ವರ್ಷ, ಆಗ ಹೆಸರೂ ಎಂಟಿಆರ್ ಅಲ್ಲ, ಬ್ರಾಹ್ಮಿನ್ ಕಾಫಿ ಕ್ಲಬ್. ಪ್ಯಾಕೆಟ್ ಮಿಕ್ಸ್‌ಗಳು ಜೋರಾಗಿದ್ದು ತುರ್ತು ಪರಿಸ್ಥಿತಿ ಕಾಲದಲ್ಲಿ, ಹೋಟೆಲ್ ತಿಂಡಿಗೆ ಸರ್ಕಾರ ಕಡಿಮೆ ರೇಟ್ ಕಟ್ಟಿದ್ದರಿಂದ ನಷ್ಟ ಆಗಿ ಆ ಕಡೆ ತಿರುಗಿದ್ರು. 2007ರಲ್ಲಿ ಪ್ಯಾಕೆಟ್ ವ್ಯಾಪಾರ ನಾರ್ವೆಯ ಓರ್ಕ್ಲಾ ಅನ್ನೋ ಕಂಪನಿ ಪಾಲಾಯ್ತು, ಆದ್ರೆ ಲಾಲ್‌ಬಾಗ್ ರಸ್ತೆ ಹೋಟೆಲ್ ಮಯ್ಯ ಮನೆತನದವರ ಹತ್ರಾನೇ ಇದೆ. ಎಂಟಿಆರ್ ಮಾರಿಬಿಟ್ರು ಅಂತ ಒಂದೇ ಸಾಲಲ್ಲಿ ಬರೆಯೋರಿಗೆ ಈ ವ್ಯತ್ಯಾಸ ಕಾಣಲ್ಲ, ನನಗಂತೂ ಅದು ತುಂಬಾ ಬೇಜಾರಿನ ವಿಷಯ.

ಸರಿ, ಈಗ ಪ್ಯಾಕೆಟ್ ತಿರುಗಿಸಿ. ಮುಂದೆ ಇರೋ ದೊಡ್ಡ ಹೆಸರು ಬಿಡಿ, ಹಿಂದೆ ಸಣ್ಣ ಅಕ್ಷರದಲ್ಲಿ ತಯಾರಕರು, ಮಾರಾಟಗಾರರು ಅಂತ ಕಂಪನಿ ಹೆಸರು ಇರತ್ತೆ, ಅದನ್ನ ಬರ್ಕೊಳಿ. ಆಮೇಲೆ ಆ ಕಂಪನಿಯ ಸಿಐಎನ್, ಅಂದ್ರೆ ರಿಜಿಸ್ಟರ್ ಆದ ಕಂಪನಿಗೆ ಸರ್ಕಾರ ಕೊಡೋ ಗುರುತಿನ ನಂಬರ್, ಹುಡುಕಿ, ಕಂಪನಿಯ ವೆಬ್‌ಸೈಟ್‌ನ ಕೆಳಗಡೆನೋ ವಾರ್ಷಿಕ ವರದಿಯಲ್ಲೋ ಸಿಗತ್ತೆ. 21 ಅಕ್ಷರ-ಅಂಕಿ ಇರೋ ನಂಬರ್ ಅದು. ವಿಪ್ರೋದು ನೋಡಿ: ಎಲ್32102ಕೆಎ1945ಪಿಎಲ್‌ಸಿ020800. ಮೊದಲಿನ ಎಲ್ ಅಂದ್ರೆ ಷೇರುಪೇಟೆಯಲ್ಲಿರೋ ಕಂಪನಿ, ಕೆಎ ಅಂದ್ರೆ ಕರ್ನಾಟಕ, 1945 ಅಂದ್ರೆ ಕಂಪನಿ ರಿಜಿಸ್ಟರ್ ಆದ ವರ್ಷ. ಇಲ್ಲೇ ಹುಷಾರಾಗಿರಬೇಕು, ಕೆಎ ಇದೆ ಅಂತ ಬೆಂಗಳೂರಲ್ಲಿ ಹುಟ್ಟಿದ್ದು ಅಂದ್ಕೋಬೇಡಿ. ಅದು ಶುರುವಾಗಿದ್ದು ಮಹಾರಾಷ್ಟ್ರದ ಅಮಳನೇರ್‌ನಲ್ಲಿ, ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್ ಅನ್ನೋ ಹೆಸರಲ್ಲಿ, ಮಾಡ್ತಿದ್ದಿದ್ದು ವನಸ್ಪತಿ. ರಾಜ್ಯದ ಅಕ್ಷರ ಈಗಿನ ರಿಜಿಸ್ಟರ್ಡ್ ಆಫೀಸ್ ಎಲ್ಲಿದೆ ಅಂತ ಹೇಳತ್ತೆ ಅಷ್ಟೇ.

ಷೇರುಪೇಟೆಗೆ ಬಂದ ಕಂಪನಿ ಆದ್ರೆ ಐಪಿಒ ಸಮಯದಲ್ಲಿ, ಅಂದ್ರೆ ಮೊದಲ ಸಲ ಜನರಿಗೆ ಷೇರು ಮಾರೋವಾಗ, ಷೇರುಪೇಟೆ ನೋಡ್ಕೊಳೋ ಸಂಸ್ಥೆ ಸೆಬಿಗೆ ಕೊಟ್ಟ ದಾಖಲೆ ಓದಿ, ಅದರಲ್ಲಿ ಕಂಪನಿ ಇತಿಹಾಸಕ್ಕೇ ಒಂದು ಅಧ್ಯಾಯ ಇರತ್ತೆ, ಹೆಸರು ಯಾವಾಗ ಬದಲಾಯ್ತು, ಯಾರನ್ನ ಕೊಂಡ್ರು ಎಲ್ಲ ಸಿಗತ್ತೆ. ಬ್ರ್ಯಾಂಡ್ ಹೆಸರುಗಳನ್ನ ನೋಂದಾಯಿಸೋ ಸರ್ಕಾರದ ಟ್ರೇಡ್‌ಮಾರ್ಕ್ ಸೈಟಲ್ಲೂ ಹುಡುಕಿ, ಆದ್ರೆ ಅಲ್ಲಿ ಬಳಕೆ ಶುರುವಾದ ದಿನಾಂಕ ಅಂತ ಇರೋದು ಅರ್ಜಿ ಹಾಕಿದವರೇ ಹೇಳ್ಕೊಂಡಿದ್ದು.

ಕೊನೆಗೆ ಸಿಕ್ಕಿದ ವರ್ಷದ ಪಕ್ಕ ಆಗ ದೇಶದಲ್ಲಿ ಏನು ನಡೀತಿತ್ತು ಅಂತ ಇಟ್ಟು ನೋಡಿ, ನನಗೆ ತುಂಬಾ ಇಷ್ಟ ಆಗೋ ಕೆಲಸ ಇದೇ. ಮೊದಲನೇ ಮಹಾಯುದ್ಧ ಬಂದು ಮೈಸೂರಿನ ಗಂಧದ ಮರ ಯುರೋಪಿಗೆ ಹೋಗೋದು ನಿಂತುಹೋಗಿ ರಾಶಿ ಬಿತ್ತು, ಅದಕ್ಕೇ ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯ ಇಲ್ಲೇ ಎಣ್ಣೆ ತೆಗೆಸೋಕೆ ಹೊರಟ್ರು, ಸೋಪಿನ ವಿದ್ಯೆ ಕಲಿಯೋಕೆ ಎಸ್.ಜಿ. ಶಾಸ್ತ್ರಿಗಳನ್ನ ಇಂಗ್ಲೆಂಡಿಗೆ ಕಳಿಸಿದ್ರು, ಮೈಸೂರ್ ಸ್ಯಾಂಡಲ್ ಸೋಪ್ ಬಂತು. ಹಾಗೇ 1977ರಲ್ಲಿ ಕೋಕಾಕೋಲಾ ದೇಶ ಬಿಟ್ಟಿದ್ದು ಗೊತ್ತಿದ್ರೆ ಥಮ್ಸ್ ಅಪ್ ಆಗಲೇ ಯಾಕೆ ಬಂತು ಅಂತ ಹೊಳೆಯತ್ತೆ.

ಬರೆಯೋವಾಗ ದಾಖಲೆಯಲ್ಲಿ ಇರೋದನ್ನ ಹಾಗೇ ಬರೀರಿ, ಕಂಪನಿಯವರೇ ಹೇಳ್ಕೊಂಡು ಬಂದಿದ್ದಕ್ಕೆ, ಉದಾಹರಣೆಗೆ ಎರಡನೇ ಮಹಾಯುದ್ಧದ ಕಾಲದ ಅಕ್ಕಿ ಅಭಾವದಲ್ಲಿ ಎಂಟಿಆರ್‌ನವರು ರವೆ ಇಡ್ಲಿ ಕಂಡುಹಿಡಿದ್ರು ಅನ್ನೋದಕ್ಕೆ, "ಅವರು ಹೇಳೋ ಪ್ರಕಾರ" ಅಂತ ಸೇರಿಸಿ.