ಕಾಂಡ್ಲಾ ಎಲೆಯೊಳಗಿನ ಶಿಲೀಂಧ್ರಗಳ ಕಿಣ್ವ ಪರೀಕ್ಷೆ

ಹಾಸನದ ಪ್ರಯೋಗಾಲಯಗಳಲ್ಲಿ ಎಲೆಯೊಳಗೆ ವಾಸಿಸುವ ಶಿಲೀಂಧ್ರಗಳು ಪಿಷ್ಟವನ್ನು ಒಡೆಯುವ ಕಿಣ್ವವನ್ನು ತಯಾರಿಸುತ್ತವೆಯೇ ಎಂದು ನೋಡುವ ಈ ಕೆಲಸಕ್ಕೆ ತೊಡಗುವವರು ಕುಂದಾಪುರದ ಅಳಿವೆಯಿಂದ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಎಲೆಗಳನ್ನು ಐಸ್ ಪೆಟ್ಟಿಗೆಯಲ್ಲಿ ತಂದು 24 ಗಂಟೆಯೊಳಗೆ ಬಳಸಬೇಕು. ತೊಳೆದ ಎಲೆಯನ್ನು ಶೇ. 70ರ ಎಥನಾಲ್‌ನಲ್ಲಿ 1 ನಿಮಿಷ, ಶೇ. 4ರ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ 3 ನಿಮಿಷ, ಪುನಃ ಎಥನಾಲ್‌ನಲ್ಲಿ 30 ಸೆಕೆಂಡು ಅದ್ದಿ, ಕ್ರಿಮಿಶುದ್ಧ ನೀರಿನಲ್ಲಿ ಮೂರು ಸಲ ಜಾಲಿಸಿ. ಕೊನೆಯ ಸಲ ಜಾಲಿಸಿದ ನೀರನ್ನು ಅಗಾರ್ (ಶಿಲೀಂಧ್ರ ಬೆಳೆಸುವ ಜೆಲ್ಲಿಯಂಥ ಮಾಧ್ಯಮ) ಇರುವ ಬೇರೊಂದು ತಟ್ಟೆಯಲ್ಲಿ ಹರಡುವುದನ್ನು ದಯವಿಟ್ಟು ಬಿಡಬೇಡಿ. ಅಲ್ಲಿ ಏನೂ ಬೆಳೆಯದಿದ್ದರೆ ಮಾತ್ರ, ಎಲೆಯ ತುಂಡಿನ ಅಂಚಿನಿಂದ ಹೊರಡುವ ಬಿಳಿ ಎಳೆಗಳು ಒಳಗೇ ವಾಸಿಸುತ್ತಿದ್ದ ಶಿಲೀಂಧ್ರದವೆಂದು ನಂಬಬಹುದು. ಎಲೆಯ ತುಂಡುಗಳನ್ನು ಕ್ಲೋರಾಂಫೆನಿಕಾಲ್ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಔಷಧ) ಬೆರೆಸಿದ ಆಲೂಗಡ್ಡೆ-ಡೆಕ್ಸ್‌ಟ್ರೋಸ್ ಅಗಾರ್‌ನಲ್ಲಿ ಬೆಳೆಸಿ, ಬಂದ ಶಿಲೀಂಧ್ರವನ್ನು ಶೇ. 1ರ ಪಿಷ್ಟವಿರುವ ಅಗಾರ್‌ಗೆ ವರ್ಗಾಯಿಸಿ. ಕೆಲವು ದಿನಗಳ ನಂತರ ಅಯೋಡಿನ್ ಸುರಿದಾಗ ತಟ್ಟೆಯೆಲ್ಲ ಕಡುನೀಲಿಯಾಗಿ, ಶಿಲೀಂಧ್ರದ ಸುತ್ತ ಮಾತ್ರ ಬಣ್ಣವಿಲ್ಲದ ವಲಯ ಉಳಿದರೆ ಅಲ್ಲಿನ ಪಿಷ್ಟವನ್ನು ಒಡೆದ ಕಿಣ್ವ, ಅಂದರೆ ಅಮೈಲೇಸ್, ಇದೆಯೆಂದರ್ಥ. ಉಪ್ಪಿನಲ್ಲಿಯೂ ಈ ಕಿಣ್ವ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು, ಉಪ್ಪು ಬೆರೆಸಿದ ಪಿಷ್ಟದ ಅಗಾರ್‌ನಲ್ಲಿಯೂ ಇದನ್ನೇ ಮಾಡಿ ವಲಯಗಳನ್ನು ಅಳೆದು ಹೋಲಿಸಿ.