ಆಪರೇಟರ್ ಇಲ್ಲದೆ ಮೆಹಂದಿ ಲೈಟ್: ನನ್ನ ಅನುಭವ

"ಲ್ಯಾಪ್‌ಟಾಪಿನಲ್ಲಿ ಶಾರ್ಪಿ ಓಡಿಸ್ತೀಯಾ ಮಾರಾಯ? ನಡುವಲ್ಲಿ ಹ್ಯಾಂಗ್ ಆದ್ರೆ ಮದುಮಗಳ ಅಣ್ಣಂದಿರು ನಿನ್ನನ್ನೇ ಟ್ರಸ್ಸಿಗೆ ನೇತು ಹಾಕ್ತಾರೆ" ಅಂತ ಕುಂಬಳೆಯ ಹಿರಿಯ ಡಿಜೆ ಅಣ್ಣನೊಬ್ಬ ನಕ್ಕಿದ್ದ. ನಾನೂ ಡಿಜೆ, ಮೆಹಂದಿಗಳಲ್ಲಿ ಪದ್ಯವೂ ಲೈಟೂ ನನ್ನೊಬ್ಬನದೇ. ಶಾರ್ಪಿ ಅಂದರೆ ಟ್ರಸ್ಸಿನ ಲೋಹದ ಚೌಕಟ್ಟಿಗೆ ಕಟ್ಟುವ, ತಲೆ ತಿರುಗಿಸುವ ಚೂಪು ಬೀಮಿನ ಲೈಟ್. ಈ ಸೀಸನಿನಲ್ಲಿ 40ರ ಹತ್ತಿರ ಕಾರ್ಯಕ್ರಮ ಮುಗಿಸಿದೆ. ಟ್ರಸ್ಸಿನಲ್ಲಿ ನೇತಾಡಿದ್ದು ಶಾರ್ಪಿ ಮಾತ್ರ.

ನನ್ನಲ್ಲಿರುವುದು 4 ಶಾರ್ಪಿ, ಬಣ್ಣದ ಬೆಳಕು ಚೆಲ್ಲುವ 8 ಪಾರ್ ಲೈಟ್, ಒಂದು ಸ್ಮೋಕ್ ಮೆಷಿನ್. ಮೊದಲೆರಡು ವರ್ಷ ಎಲ್ಲ ಸೌಂಡ್ ಮೋಡಿನಲ್ಲೇ, ಅಂದರೆ ಸದ್ದು ಕೇಳಿದ ಹಾಗೆ ಲೈಟ್ ತಾನೇ ಬದಲಾಗುವುದು. ಬದಿಯಡ್ಕದ ಹತ್ತಿರ ಒಂದು ಮೆಹಂದಿಯಲ್ಲಿ ಅಜ್ಜ ಮೈಕ್ ಹಿಡಿದು ಆಶೀರ್ವಾದ ಹೇಳಲು ನಿಂತರು. ಕೆಮ್ಮಿದಾಗ ಕೆಂಪು, ಗಂಟಲು ಸರಿ ಮಾಡಿಕೊಂಡಾಗ ನೀಲಿ. ಮಕ್ಕಳು ಬಿದ್ದು ಬಿದ್ದು ನಕ್ಕರು, ಅಜ್ಜನಿಗೆ ಸಿಟ್ಟು ಬಂತು, ನನ್ನ ಬಾಕಿ 4 ಸಾವಿರ ಸಿಗಲು ಒಂದು ತಿಂಗಳು ಹಿಡಿಯಿತು. ಮೇಲಾಗಿ ರಾತ್ರಿ 10ಕ್ಕೆ ಸೌಂಡ್ ಬಂದ್ ಮಾಡಲೇಬೇಕು. ಆದರೆ ಮನೆಯವರ ಫೋಟೋ ಶುರುವಾಗುವುದೇ ಆಗ. ಪದ್ಯ ನಿಂತ ಮೇಲೆ ಸೌಂಡ್ ಮೋಡಿನ ಪಾರ್ ಇದ್ದೂ ಇಲ್ಲದ ಹಾಗೆ.

ಆಮೇಲೆ ಎಲ್ಲರ ಹಾಗೆ ಲೈಟ್ ಓಡಿಸುವ 192 ಚಾನೆಲ್ ಕಂಟ್ರೋಲ್ ಡಬ್ಬ ತಂದೆ, ಮೂರೂವರೆ ಸಾವಿರವೋ ಏನೋ. ಒಂದೊಂದು ಲೈಟಿಗೆ 1, 17, 33 ಅಂತ ಅಡ್ರೆಸ್ ಹಾಕಿ ಕೂತೆ. ಡಬ್ಬ ಕೆಟ್ಟದಲ್ಲ, ಆದರೆ ಅದಕ್ಕೆ ಎರಡು ಕೈ ಬೇಕು. ನನ್ನ ಎರಡೂ ಕೈ ಪದ್ಯ ಹಾಕುವ ಡೆಕ್ ಮೇಲೆ. ಒಮ್ಮೆ ಫೇಡರಿನ (ಎತ್ತಿ ಇಳಿಸುವ ಗುಂಡಿ) ಕೆಲಸ ಬದಲಿಸುವ ಪೇಜ್ ಬಿ ಒತ್ತಿದ್ದು ಮರೆತು ಅದನ್ನು ಎತ್ತಿದೆ. ನಾಲ್ಕೂ ಬೀಮ್ ಸೀದಾ ಊಟದ ಪಂಕ್ತಿಗೆ. ಸಾರು ಬಡಿಸುತ್ತಿದ್ದವನು ಸೌಟು ಎತ್ತಿ ಕಣ್ಣಿಗೆ ಅಡ್ಡ ಹಿಡಿದ, ಸಾರು ಅವನ ತೋಳಿನಿಂದ ಇಳಿಯಿತು. ಮರುದಿನದಿಂದ ರಾತ್ರಿಗೆ 1,500 ಕೊಟ್ಟು ಆಪರೇಟರ್ ಇಟ್ಟೆ. ಒಂದು ಸೀಸನಿಗೆ ಲೆಕ್ಕ ಹಾಕಿದರೆ ಹೊಸ ಪಾರ್ ಸೆಟ್ಟಿನ ದುಡ್ಡು. ಪರ್ಲ್ ಅನ್ನುವ ದೊಡ್ಡ ಲೈಟ್ ಕನ್ಸೋಲಿನ ಕಾಪಿಗೆ 35 ಸಾವಿರದ ಆಸುಪಾಸು ಹೇಳಿದರು. ಅದು ಬಂದರೂ ಅದರ ಹಿಂದೆ ನಿಲ್ಲುವ ಜನ ಬೇಕಲ್ಲ!

ಕೊನೆಗೆ ಸಿಕ್ಕಿದ್ದು ಕ್ಯೂಎಲ್‌ಸಿ ಪ್ಲಸ್, ಲ್ಯಾಪ್‌ಟಾಪಿನಿಂದ ಲೈಟ್ ಓಡಿಸುವ ಪುಕ್ಕಟೆ ಸಾಫ್ಟ್‌ವೇರ್. ಆಟಿ ತಿಂಗಳಲ್ಲಿ ಮದುವೆ ಇಲ್ಲ, ಮಳೆಗೆ ಮನೆಯೊಳಗೆ ಕೂತು ಕಲಿತೆ. ಲ್ಯಾಪ್‌ಟಾಪಿನಿಂದ ಲೈಟಿಗೆ 600 ರೂಪಾಯಿಯಲ್ಲಿ ಯುಎಸ್‌ಬಿ ಕೇಬಲ್ ನಾನೇ ಬೆಸುಗೆ ಹಾಕಿ ಮಾಡಿದ್ದು. ಮನೆಯಲ್ಲಿ ಬೆಣ್ಣೆಯ ಹಾಗೆ ಓಡಿತು. ಪೆರ್ಲದಲ್ಲಿ ಅದೇ ಲ್ಯಾಪ್‌ಟಾಪಿನಲ್ಲಿ ಪದ್ಯವೂ ಹಾಕಿದೆ. ಶಾರ್ಪಿಗಳಿಗೆ ಮೈಮೇಲೆ ಬಂತು! ಆ ತರದ ಕೇಬಲಿನಲ್ಲಿ ಸಿಗ್ನಲಿನ ಟೈಮಿಂಗ್ ಲ್ಯಾಪ್‌ಟಾಪೇ ನೋಡಬೇಕು, ಬೇರೆ ಕೆಲಸ ಬಿದ್ದರೆ ತಪ್ಪುತ್ತದೆ. ಆದ್ದರಿಂದ ಸ್ವಂತ ಚಿಪ್ ಇರುವ ಇಂಟರ್‌ಫೇಸ್ ಸೆಕೆಂಡ್ ಹ್ಯಾಂಡ್ ತೆಗೆದೆ, 9 ಸಾವಿರದ ಹತ್ತಿರ. ಲೈಟಿಗೆಂದೇ ಹಳೇ ಲ್ಯಾಪ್‌ಟಾಪಿಗೆ ಇನ್ನೊಂದು 10 ಸಾವಿರ. ಇಲ್ಲಿ ಜಿಪುಣತನ ಮಾಡಬೇಡಿ.

ಆದರೂ ಕೊನೆಯ ಎರಡು ಶಾರ್ಪಿ ಆಗಾಗ ತಲೆ ಅಲ್ಲಾಡಿಸುತ್ತಿದ್ದವು. ಜನರೇಟರಿಗೆ ಬೈದೆ, ಅರ್ತಿಂಗ್ ಬದಲಿಸಿದೆ. ಕಾರಣ ನನ್ನದೇ 30 ಮೀಟರ್ ಮೈಕ್ ಕೇಬಲ್. ಲೈಟಿನ ಸಿಗ್ನಲಿಗೆಂದೇ ಇರುವ ಸರಿಯಾದ ಡಿಎಮ್‌ಎಕ್ಸ್ ಕೇಬಲ್ ಹಾಕಿ, ಮೈಕಿಗೆ ಹಾಕುವಂಥ ಒಂದು ಎಕ್ಸ್‌ಎಲ್‌ಆರ್ ಪ್ಲಗ್ಗಿನಲ್ಲಿ 2 ಮತ್ತು 3ನೇ ಪಿನ್ನಿನ ನಡುವೆ 120 ಓಮ್ ರೆಸಿಸ್ಟರ್ ಬೆಸೆದು ಕಡೇ ಲೈಟಿನ ಔಟಿಗೆ ಸಿಕ್ಕಿಸಿದೆ. ಎರಡು ರೂಪಾಯಿಯ ಸಾಮಾನು.

ಕೇಬಲ್ ಬದಲು ವಯರ್‌ಲೆಸ್ ಕೂಡ ನೋಡಿದ್ದಾಯಿತು. ಖಾಲಿ ಹಾಲಿನಲ್ಲಿ ಭರ್ಜರಿ. ಮುನ್ನೂರು ಜನ, ಮುನ್ನೂರು ಮೊಬೈಲ್ ಬಂದಾಗ ಮುಗಿಯಿತು. ಈಗ ಅದು ಅಟ್ಟದ ಮೇಲುಂಟು, ಬೇಕಾದವರು ಅರ್ಧ ಬೆಲೆಗೆ ಒಯ್ಯಬಹುದು. ಪಾರ್ ಕಟ್ಟಲು ಅಡಿಕೆ ಮರದ ಸಲಾಕೆಯೂ ಮಾಡಿ ನೋಡಿದೆ, ಗಟ್ಟಿ, ಆದರೆ ಫೋಟೋಗ್ರಾಫರ್ ಮುಖ ಸಿಂಡರಿಸಿದ. ಅಡಿಕೆ ಹಾಳೆ ಮಾತ್ರ ಬಿಟ್ಟಿಲ್ಲ: ಡಿಸೆಂಬರಿನ ಇಬ್ಬನಿಗೆ ಲ್ಯಾಪ್‌ಟಾಪಿನ ತಲೆಗೆ ಅದಕ್ಕಿಂತ ಒಳ್ಳೆ ಟೊಪ್ಪಿ ಇಲ್ಲ.

ಈಗ ಸಾಫ್ಟ್‌ವೇರನ್ನು ಓಡಿಸಲು ಕೈಗೆ ಸಿಗುವುದು ಸಾಲು ಸಾಲು ಬಟನಿನ ಎಪಿಸಿ ಮಿನಿ ಪ್ಯಾಡ್, ಎಡಗೈ ಬದಿಗೇ. ಮೇಲಿನ ಸಾಲು ಬಣ್ಣ, ನಡುವೆ ಚಲನೆ, ಕೆಳಗೆ ಪಟಪಟ ಮಿಂಚುವ ಸ್ಟ್ರೋಬ್. ಮೂಲೆಯ ಒಂದು ಬಟನ್ "ಅಜ್ಜ": ಒತ್ತಿದರೆ ಎಲ್ಲ ನಿಂತು ಹದವಾದ ಬೆಳಕು. ಸ್ಪೀಡಿಗೆ ಟ್ಯಾಪ್, ನಾಲ್ಕು ಸಲ ತಟ್ಟಿದರೆ ಸಾಕು. ಎರಡನೇ ಪೇಜಿನಲ್ಲಿರುವುದು ಮದುಮಗಳ ಮುಖದ ಬೆಳಕು: ಆಂಬರ್, ಬಿಳಿ ಎಷ್ಟೆಷ್ಟು ಅಂತ ಕೇಳಬೇಡಿ, ಅದಕ್ಕೇ ಮೂರು ಮನೆಯವರು ಮತ್ತೆ ಕರೆದದ್ದು.

ಹೋದ ವಾರ ಕುಂಬಳೆಯ ಅಣ್ಣ ಫೋನ್ ಮಾಡಿ ನನ್ನ ಲೈಟಿನ ಫೈಲ್ ಕೇಳಿದ. ಕೊಟ್ಟೆ, ಎರಡನೇ ಪೇಜ್ ಅಳಿಸಿ.